ಮೊಂಡು ಬಾಲದ ಮ

ಬೈಕುಲ್ಲಾದ ಅಂಗಡಿಯಲ್ಲಿ ಅಣವೀರಪ್ಪ ಮೂವತ್ತು ವರ್ಷಗಳಿಂದ ಬಾಗಿಲಿಗೆ ಹಾಕುವ ಹೆಸರಿನ ಫಲಕ ಕೊರೆಯುತ್ತಿದ್ದಾನೆ. ಅವನ ಯಂತ್ರದ ಮುಳ್ಳು ಗರಗರ ತಿರುಗುತ್ತ ಕೊರೆಯುವುದರಿಂದ ಗೆರೆಯೆಲ್ಲ ಒಂದೇ ದಪ್ಪ, ತುದಿಗಳೆಲ್ಲ ದುಂಡು. ಚೂಪು ಮೂಲೆಯೇ ಇಲ್ಲದ ಅಕ್ಷರ, ಒಮ್ಮೆ ಬಟ್ಟೆಯಾಡಿಸಿದರೆ ಧೂಳು ಮಾಯ. ಯಂತ್ರ ಗೆರೆ ಹಿಡಿದು ಸಾಗಲು ಬೇಕಾದ ಕನ್ನಡದ ಅಚ್ಚು ಸಿಗದ ಊರಿನಲ್ಲಿ ಅವನೇ ತಗಡಿನ ತುಂಡುಗಳ ಮೇಲೆ ಒಂದೊಂದಕ್ಷರವನ್ನೂ ತೋಡಿಕೊಂಡಿದ್ದ. ಎಲ್ಲ ಮುದ್ದಾಗಿ ಬಂದವು, ಮ ಒಂದನ್ನು ಬಿಟ್ಟು. ತಗಡು ಸಾಲದೆ, ಅದರ ಬಲಗಡೆಯ ಬಾಲ ಸುತ್ತಿಕೊಳ್ಳುವ ಮೊದಲೇ ಮೊಂಡಾಗಿ ನಿಂತಿತು. ನಾಳೆ ತಿದ್ದಿದರಾಯಿತು ಅಂದುಕೊಂಡ. ನಾಳೆ ಎಂದವನ ಮನೆ ಹಾಳು ಅಂತ ಸುಮ್ಮನೆ ಹೇಳುತ್ತಾರೆಯೇ?

ಹೋದ ವರ್ಷ ಶ್ರೇಯಾ ಎಂಬ ಡಿಸೈನ್ ಕಾಲೇಜಿನ ಹುಡುಗಿ, ಅವನನ್ನು ಕೇಳಿಯೇ, ಫಲಕಗಳ ಫೋಟೋ ತೆಗೆದುಕೊಂಡು ಹೋದಳು. ಅಕ್ಷರಗಳೆಲ್ಲ ಕಂಪ್ಯೂಟರಿನ ಫಾಂಟ್ ಆದವು. ಅದರಲ್ಲಿ ಅವನ ಹೆಸರನ್ನೂ ಹಾಕಿದ್ದಳು, ಪಾಪ. ಅವನು ಹಿಗ್ಗಿದ್ದೂ ಉಂಟು, ವಿಲೆ ಪಾರ್ಲೆಯ ಹೋಟೆಲೊಂದರ ಬೋರ್ಡಿನಲ್ಲಿ ‘ಮಸಾಲೆ ದೋಸೆ’ ಓದುವವರೆಗೆ. ಅದೇ ಮೊಂಡು ಬಾಲ! ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅಲ್ಲಿಂದಲೇ ಫೋನು ಮಾಡಿದ.

“ತಂಗೀ, ಆ ಮ ನನ್ನ ತಪ್ಪೈತವಾ. ಅದನ್ನ ತಿದ್ದಿಬಿಡು.”

“ಅರೇ ಅಂಕಲ್, ವಹೀ ತೋ ಬೆಸ್ಟ್ ಹೈ! ನಮ್ಮ ಸರ್‌ಗೆ ಅದೇ ತುಂಬಾ ಇಷ್ಟ ಆಯ್ತು. ಈಗ ಎಷ್ಟೋ ಜನ ಡೌನ್‌ಲೋಡ್ ಮಾಡಿದಾರೆ.”

ಅಷ್ಟರಲ್ಲಿ ವಡಾಲದ ಕನ್ನಡ ಸಂಘದಿಂದ ಕೆಲಸ ಬಂತು. ಹೊಸ ಕಟ್ಟಡದ ಬಾಗಿಲುಗಳಿಗೆಲ್ಲ ಫಲಕ, ಅದೇ ಫಾಂಟಿನಲ್ಲಿ. ತಪ್ಪು ತಿದ್ದಲು ದಾರಿಯೊಂದು ಸಿಕ್ಕಿತೆಂದು ಅಣವೀರಪ್ಪ ಎರಡು ದಿನ ಕುಳಿತು ಹಿತ್ತಾಳೆಯಲ್ಲಿ ಹೊಸ ಮ ತೋಡಿದ. ಬಾಲ ತುಂಬಿ ಬಂತು. ಹಳೆಯ ಅಚ್ಚನ್ನು ಅದೇ ಖುಷಿಯಲ್ಲಿ ಹಳೇ ಸಾಮಾನು ಕೊಳ್ಳುವ ಭಂಗಾರದವನ ಗಾಡಿಗೆ ಎಸೆದ.

ಫಲಕಗಳನ್ನು ಒಯ್ದು ಕೊಟ್ಟಾಗ ಸಂಘದ ಕಾರ್ಯದರ್ಶಿ ದೇವಾನಂದ ‘ಮಹಿಳಾ ವಿಭಾಗ’ದ ಫಲಕದ ಪಕ್ಕ ಮೊಬೈಲು ಹಿಡಿದು ಹುಬ್ಬು ಗಂಟಿಕ್ಕಿದರು.

“ಎಂತ ಅಣವೀರಪ್ಪನವ್ರೇ, ಮ ತಪ್ಪಾಗಿದೆಯಲ್ಲ? ಫಾಂಟಿನ ಹಾಗೆ ಇಲ್ಲ.”

“ಸಾಹೇಬ್ರ, ಆ ಫಾಂಟು ನನ್ನ ಅಕ್ಷರದಿಂದನ ಆಗಿದ್ರಿ. ಅದರಾಗಿಂದು ತಪ್ಪು, ಇದು ಖರೇ.”

“ಇರಬಹುದು ಮಾರಾಯ್ರೆ. ಆದ್ರೆ ಗೇಟಿನ ಬೋರ್ಡು, ಕಾರ್ಡು ಎಲ್ಲ ಅದರಲ್ಲೇ ಆಗಿದೆ. ಒಳಗೆ ಬೇರೆ ಮ ಕಂಡ್ರೆ ಜನ ನಿಮ್ಮನ್ನೇ ನಗಾಡ್ತಾರೆ.”

ಅಣವೀರಪ್ಪನಿಗೆ ಸಿಟ್ಟು ಬಂತು. ಯಾರ ಮೇಲೆ ರೇಗುವುದು? ಹುಡುಗಿ ಕದ್ದಿರಲಿಲ್ಲ, ದೇವಾನಂದ ಸುಳ್ಳು ಹೇಳಿರಲಿಲ್ಲ. ಫಲಕಗಳನ್ನು ಕಟ್ಟಿಕೊಂಡು ಅಂಗಡಿಗೆ ಮರಳಿದ.

ಭಂಗಾರದವನನ್ನು ಹುಡುಕಿ ಕೇಳಿದ. ಹಳೆಯ ತಗಡು ಎಂದೋ ಕರಗಿಹೋಗಿತ್ತು. ಕೊನೆಗೆ ಮೊಬೈಲಿನಲ್ಲಿ ಫಾಂಟನ್ನು ದೊಡ್ಡದು ಮಾಡಿಟ್ಟುಕೊಂಡು, ಹೊಸ ಹಿತ್ತಾಳೆ ಅಚ್ಚಿನ ಬಾಲದ ತುದಿಯ ಗೆರೆಗೆ ಬೆಸುಗೆ ತುಂಬಿ ಅದನ್ನು ಮೊಂಡು ಮಾಡತೊಡಗಿದ. ಮೊದಲ ಸಲ ಬಾಲ ತುಸು ಹೆಚ್ಚೇ ಗಿಡ್ಡವಾಯಿತು, ಕೆರೆದು ಮತ್ತೆ ತುಂಬಿದ. ಹಿಂದೆ ಅರೆಗಳಿಗೆಯಲ್ಲಿ ತಾನಾಗಿ ಆಗಿದ್ದ ತಪ್ಪನ್ನು ಈ ಸಲ ಅಳತೆ ಹಿಡಿದು ಮಾಡುವಷ್ಟರಲ್ಲಿ ಅವನಿಗೆ ಸಂಜೆಯಾಯಿತು.