ಸಿಪಾಯಿಯ ಎಡೆ

ನಮ್ಮನೆಯವರ ಹೆಸರನ್ನು ನಾನು ಹೇಳುವುದಿಲ್ಲ. ನಲವತ್ತಾರು ವರ್ಷ ಸಂಸಾರ ಮಾಡಿದ್ದೇನೆ, ಒಮ್ಮೆಯೂ ಹೇಳಿಲ್ಲ. ಇಲ್ಲಿ ಲಂಡನ್ನಿನಲ್ಲಿ ಡಾಕ್ಟರ ಹತ್ತಿರ ಹೋದಾಗ ಅಲ್ಲಿಯ ಹುಡುಗಿ ಕೇಳಿದರೆ ಅವರ ಬಸ್ ಪಾಸ್ ತೆಗೆದು ತೋರಿಸುತ್ತೇನೆ. ಮೊಮ್ಮಗಳು ಅಂಕಿತಾ ನಗುತ್ತಾಳೆ. ನಗಲಿ. ಕ್ವೀನ್ಸ್‌ಬರಿಯ ತರಕಾರಿ ಅಂಗಡಿಯಲ್ಲಿ ಜಗಳಕ್ಕೆ ನಿಂತರೆ ನನ್ನ ಬಾಯಿಗೆ ಎದುರಿಲ್ಲ, ಆದರೆ ಆ ಒಂದು ಹೆಸರು ಮಾತ್ರ ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತದೆ. ನಮ್ಮ ವಿಜಯಪುರದ ಕಡೆ ಹಳೆಯ ಮನೆಗಳ ಹೆಂಗಸರೆಲ್ಲ ಹೀಗೆಯೇ.

ಅವರಿಗೆ ಆ ಹೆಸರು ಬಂದದ್ದು ಅವರ ಅಜ್ಜನ ಅಜ್ಜನಿಂದ. ಆತ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬೆಳಗಾವಿಗೆ ಹೋಗಿ ಪಲ್ಟನ್ ಸೇರಿದವನು. ತಿರುಗಿ ಬರಲಿಲ್ಲ. ಹೆಂಡತಿ ನೀಲವ್ವ ಗಂಡುಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಕಾದಳು. ಆ ಕೂಸು ದೊಡ್ಡವನಾಗಿ, ಅವನಿಗೊಬ್ಬ ಮಗ ಹುಟ್ಟಿದಾಗ ಗಂಡನ ಹೆಸರನ್ನೇ ಇಡಿಸಿದಳು. ಇಡಿಸಿದಳೇ ಹೊರತು ಕರೆಯಲು ಬಾಯಿ ಬರಲಿಲ್ಲ, ‘ಸಿಪಾಯಿ’ ಎಂದು ಕರೆದಳು. ಅಂದಿನಿಂದ ಆ ಹೆಸರಿನ ಗಂಡಸರೆಲ್ಲ ಮನೆಯಲ್ಲಿ ಸಿಪಾಯಿಗಳೇ. ನಮ್ಮನೆಯವರು ಜನ್ಮದಲ್ಲಿ ಕೊಡೆಗಿಂತ ದೊಡ್ಡ ಆಯುಧ ಹಿಡಿದವರಲ್ಲ, ಅವರೂ ಸಿಪಾಯಿ.

ಮನೆಯಲ್ಲೊಂದು ಹಳೆಯ ವಹಿ ಇದೆ. ಎತ್ತಿನ ಮೇಲೆ ಊರೂರು ತಿರುಗಿ ಮನೆತನಗಳ ಪೀಳಿಗೆ ಹೇಳುವ ಹೆಳವರ ಬಾಯಿಂದ ಕೇಳಿ ನಮ್ಮ ಮಾವನವರು ಬರೆದಿಟ್ಟದ್ದು. ಮಹಾನವಮಿ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವಾಗ ಅದನ್ನು ಓದುತ್ತೇವೆ, ಒಂದು ಹೆಸರಿಗೆ ಒಂದು ಎಡೆ. ಅದರಲ್ಲಿ ನೀಲವ್ವನ ಹೆಸರಿನ ಮೇಲಿನ ಗೆರೆ ಖಾಲಿ. ಸತ್ತ ಸುದ್ದಿ ಬಾರದವನಿಗೆ ಎಡೆ ಇಡಕೂಡದೆಂದು ಆಕೆ ಹಟ ಹಿಡಿದಿದ್ದಳಂತೆ. ಕುಂಕುಮ ಅಳಿಸದೆ, ಬಳೆ ಒಡೆಯದೆ, ಎಪ್ಪತ್ತು ದಾಟಿ ತೀರಿಕೊಂಡಳು. ಊರವರು ಬಿಡುತ್ತಾರೆಯೇ? ಯಾವಳನ್ನೋ ಕಟ್ಟಿಕೊಂಡು ಓಡಿಹೋದ ಅಂದರು.

ನಮ್ಮನೆಯವರು ಲಂಡನ್ನಿಗೆ ಹೊರಟಾಗ ಮಾವನವರು ಸಿಟ್ಟಿನಲ್ಲಿ, “ಹೆಸರಿಗೆ ತಕ್ಕಂಗ ಆತು. ನೀನೂ ಓಡಿಹೋಗು” ಅಂದಿದ್ದರು. ಐವತ್ತು ವರ್ಷ ಹತ್ತಿರ ಬಂತು, ಆ ಮಾತು ಇವರ ಎದೆಯಿಂದ ಇಳಿದಿಲ್ಲ. ಈ ವರ್ಷ ಎಪ್ಪತ್ತಮೂರು ತುಂಬಿದ ದಿನ ಕೇಕಿನ ಮುಂದೆ ಕೂತು, “ನಾ ಸಾಯೂದ್ರಾಗ ಒಂದ ತಿಳೀಬೇಕ ನೋಡು. ನಾ ಹೊತ್ತಿದ್ದು ಎಂಥಾವನ ಹೆಸರು?” ಅಂದರು. ಇತಿಹಾಸ ಓದುತ್ತಿರುವ ಅಂಕಿತಾ ಅವತ್ತೇ ಹುಡುಕಲು ಕೂತಳು. ಸಾದಾ ಸಿಪಾಯಿಗಳ ಕಾಗದ ಉಳಿದಿರುವುದೇ ಅಪರೂಪವಂತೆ. ಆದರೂ ಮೂರು ತಿಂಗಳಿಗೆ ನಮ್ಮ ಊರಿನ ಹೆಸರಿದ್ದ ಒಂದು ಪುಸ್ತಕದ ಸುಳಿವು ಹಿಡಿದಳು, ಕಿಂಗ್ಸ್ ಕ್ರಾಸ್ ಹತ್ತಿರದ ದೊಡ್ಡ ಗ್ರಂಥಾಲಯದಲ್ಲಿ.

“ನೀವೂ ಬರ್ರಿ” ಅಂದೆ.

“ಖರೇನ ಓಡಿಹೋಗಿದ್ರ? ನಾ ಒಲ್ಲೆ. ನೀವ ನೋಡಿಕೊಂಡ ಬರ್ರಿ” ಅಂದು ಟಿವಿ ಹಚ್ಚಿದರು. ಟಿವಿಯಲ್ಲಿ ಏನು ಬರುತ್ತಿತ್ತೆಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ನಾವಿಬ್ಬರೂ ಹೊರಟೆವು. ವೆಂಬ್ಲಿ ಪಾರ್ಕಿನಲ್ಲಿ ಇಳಿದು ಮೆಟ್ರೊಪಾಲಿಟನ್ ರೈಲು ಹಿಡಿದೆವು. ಗ್ರಂಥಾಲಯದ ಕೌಂಟರಿನಲ್ಲಿದ್ದ ಗಡ್ಡದವನು ನಗುತ್ತ, ಯಾರನ್ನು ಹುಡುಕುತ್ತಿದ್ದೀರಿ ಎಂದು ನನ್ನನ್ನೇ ಕೇಳಿದ. ನಾನು ಬಾಯಿ ತೆರೆದೆ, ಮುಚ್ಚಿದೆ. ಅಂಕಿತಾಳ ಪಕ್ಕೆಗೆ ತಿವಿದೆ. ಅವಳು ಹೇಳಿದಳು.

ಸ್ಪಂಜಿನ ದಿಂಬಿನ ಮೇಲೆ ದಪ್ಪ ಪುಸ್ತಕ ತಂದಿಟ್ಟರು. ಅಂಕಿತಾ ಒಂದೊಂದೇ ಹಾಳೆ ತಿರುವಿ ಒಂದು ಕಡೆ ನಿಂತಳು. ಇಂಗ್ಲಿಷಿನಲ್ಲಿ, ಪಿಸುದನಿಯಲ್ಲಿ ಓದಿದಳು: ವಯಸ್ಸು ಇಪ್ಪತ್ತೆರಡು. ಎತ್ತರ ಐದಡಿ ಐದಂಗುಲ. ಗುರುತು, ಎಡಗೈ ಕಿರುಬೆರಳು ಒಳಕ್ಕೆ ಬಾಗಿದೆ.

ತನ್ನ ಎಡಗೈಯನ್ನು ಹಾಳೆಯ ಪಕ್ಕದಲ್ಲಿ ಮೆಲ್ಲನೆ ಇಟ್ಟಳು. ಅವಳ ಕಿರುಬೆರಳು ಸೊಟ್ಟ. ಅವಳಪ್ಪ ಶಶಿಧರನದೂ ಸೊಟ್ಟ. ನಮ್ಮನೆಯವರದೂ.

“ಅಯ್ಯ ಶಿವನ!” ಅಂದುಬಿಟ್ಟೆ. ಸುತ್ತಲಿನವರೆಲ್ಲ ತಿರುಗಿ ನೋಡಿದರು. ನೋಡಿಕೊಳ್ಳಲಿ! ಯಾರೋ ಸಾಹೇಬ ಅವನ ಕೈ ಹಿಡಿದು ನೋಡಿ ಬರೆದುಕೊಂಡ ಆ ಬೆರಳು ನೂರನಲವತ್ತು ವರ್ಷ ದಾಟಿ, ಸಮುದ್ರ ದಾಟಿ, ನನ್ನ ಕಣ್ಣೆದುರಿಗೆ ಬಿಸಿಯಾಗಿ ಇತ್ತು. ನಾನು ಅದನ್ನು ಹಿಡಿದುಕೊಂಡೆ.

ಕೊನೆಯ ಸಾಲಿನಲ್ಲಿ, 1880ರಲ್ಲಿ ಕಂದಹಾರದ ದಾರಿಯಲ್ಲಿ ಕಾಲರಾದಿಂದ ಮೃತ, ಎಂದಿತ್ತು. ಓಡಿಹೋಗಿರಲಿಲ್ಲ. ಮನೆ ಬಿಟ್ಟ ಎರಡೇ ವರ್ಷಕ್ಕೆ, ಇಪ್ಪತ್ನಾಲ್ಕರ ಹುಡುಗ, ಸತ್ತುಹೋಗಿದ್ದ.

“ಹಂಗಾದ್ರ ಮನಿಗೆ ಯಾಕ ತಿಳಿಸಲಿಲ್ಲ? ಅವರ ಬಾಯಿಗೆ ಏನಾಗಿತ್ತು?” ನನಗೆ ಸಿಟ್ಟು ಬಂತು.

ಅದೇ ಹಾಳೆಗೆ ತೆಳ್ಳನೆಯ ಕಾಗದವೊಂದನ್ನು ಅಂಟಿಸಿದ್ದರು. ತಾಲೂಕಿನ ಯಾರೋ ಕಾರಕೂನ ಬರೆದದ್ದು. ಅಂಕಿತಾ ಎರಡು ಸಲ ಓದಿ, ನನ್ನ ಮುಖ ನೋಡಿ, ತನಗೆ ಬರುವ ಕನ್ನಡದಲ್ಲೇ ಹೇಳಿದಳು.

“ಅಜ್ಜಿ, ಅವರು ನೀಲವ್ವನ್ನ ಕಚೇರಿಗೆ ಕರೆಸಿದ್ರು. ಅವಳು ಮಗು ತಗೊಂಡು ಒಬ್ಬಳೇ ಬಂದಳು. ಗಂಡನ ಹೆಸರು ಹೇಳು ಅಂತ ಮೂರು ಸಲ ಕೇಳಿದ್ರು. ಮೂರು ಸಲವೂ ಅವಳು ಮಗುನ ತೋರಿಸಿ ‘ಇವನ ಅಪ್ಪ’ ಅಂದಳು. ಹೆಸರು ಹೇಳಲಿಲ್ಲ. ಅದಕ್ಕೆ, ಹೆಂಡತಿ ಅಂತ ಸಾಬೀತಾಗಿಲ್ಲ, ಸಾವಿನ ಪತ್ರ ವಾಪಸ್, ಅಂತ ಬರೆದಿದಾನೆ.”

ಅಂಕಿತಾ ನಗಲಿಲ್ಲ. ನನಗೆ ಕಾರಕೂನನ ಮೇಲಿನ ಸಿಟ್ಟು ಅಲ್ಲಿಗೇ ನಿಂತಿತು. ಅರ್ಧ ಗಂಟೆಯ ಹಿಂದೆ ಕೌಂಟರಿನ ಮುಂದೆ ನಾನು ಮಾಡಿದ್ದೇನು? ಮೂರಕ್ಷರ ನಾಲಿಗೆ ದಾಟದೆ ಆ ಹೆಂಗಸು ಐವತ್ತು ವರ್ಷ ಬಾಗಿಲು ನೋಡಿದಳು. ಕಣ್ಣೀರು ಹಳೆಯ ಕಾಗದದ ಮೇಲೆ ಬೀಳಬಾರದೆಂದು ಕುರ್ಚಿ ಹಿಂದೆ ಸರಿಸಿಕೊಂಡು ಅತ್ತೆ.

ಮನೆಗೆ ಬಂದಾಗ ಅವರು ಬಾಗಿಲಲ್ಲೇ ನಿಂತಿದ್ದರು. “ಓಡಿಹೋಗಿದ್ದೇನು?” ಅಂದರು.

“ಇಲ್ರೀ. ಸತ್ತಿದ್ದ. ನೀಲವ್ವ ಹೆಸರ ಹೇಳಲಿಲ್ಲ, ಅದಕ್ಕ ಸುದ್ದಿ ಮುಟ್ಟಲಿಲ್ಲ.”

ಎಲ್ಲ ಹೇಳಿದೆವು. ಅವರು ಎಡಗೈ ಎತ್ತಿ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. “ಎಪ್ಪಾ, ನಾ ಸುಮ್ಮಸುಮ್ಮನ ನಿನ್ನ ಬೈದ್ನಲ್ಲೋ” ಅಂದು ಸೋಫಾದ ಮೇಲೆ ಕೂತುಬಿಟ್ಟರು. ಇಪ್ಪತ್ನಾಲ್ಕು ವರ್ಷದ ಹುಡುಗನನ್ನು ಎಪ್ಪತ್ತಮೂರರ ಮುದುಕ ಅಪ್ಪಾ ಎಂದು ಕರೆದದ್ದನ್ನು ಅವತ್ತು ಕಂಡೆ.

ನಾಲ್ಕು ದಿನಕ್ಕೆ ಅಮಾವಾಸ್ಯೆ ಬಂತು. ಹೋಳಿಗೆ, ಎಣ್ಣೆಗಾಯಿ, ಸಜ್ಜಿರೊಟ್ಟಿ ಮಾಡಿದೆ. ಊದಿನಕಡ್ಡಿಯ ಹೊಗೆಗೆ ಸ್ಮೋಕ್ ಅಲಾರಂ ಕೂಗೀತೆಂದು ಅಂಕಿತಾ ಕಿಟಕಿಗಳನ್ನೆಲ್ಲ ತೆರೆದಳು. ಬಾಳೆ ಎಲೆಗಳ ಸಾಲಿನಲ್ಲಿ ಒಂದು ಎಲೆ ಹೆಚ್ಚು ಹಾಕಿದೆ. ನಮ್ಮನೆಯವರು ಬೆಳಿಗ್ಗೆಯೇ ವಹಿಯ ಖಾಲಿ ಗೆರೆಯನ್ನು ತಮ್ಮ ಕೈಯಾರೆ ತುಂಬಿದ್ದರು. ಪ್ರತಿ ವರ್ಷ ಓದುವವರು ಅವರೇ. ಈ ಸಲ ಎರಡು ಹೆಸರು ಓದಿ ಕಣ್ಣೊರೆಸಿಕೊಂಡರು. ವಹಿಯನ್ನು ನನ್ನ ಕೈಗೆ ಕೊಟ್ಟು ಹಿಂದೆ ಸರಿದು ನಿಂತರು.

ಓದುತ್ತ ಓದುತ್ತ ಆ ಗೆರೆಗೆ ಬಂದೆ. ಇನ್ನೂ ಹೊಸದಾಗಿದ್ದ ನೀಲಿ ಶಾಯಿ. ಬಿಟ್ಟು ಮುಂದೆ ಹೋಗಬಹುದಿತ್ತು, ಅಂಕಿತಾಳಿಗೆ ಕೊಡಬಹುದಿತ್ತು. ಎಲೆಯ ಮೇಲೆ ಹೋಳಿಗೆ ಆರುತ್ತಿತ್ತು.

ಯವ್ವಾ ನೀಲವ್ವಾ, ನಿನ್ನ ಪರವಾಗಿ ಅಂತ ಮನಸ್ಸಿನಲ್ಲಿ ಅಂದುಕೊಂಡು, ಮನೆಯೆಲ್ಲ ಕೇಳುವಂತೆ ಕರೆದೆ: “ಶಾಂತಪ್ಪಾ!”

ಬೆನ್ನ ಹಿಂದಿನಿಂದ ನಮ್ಮನೆಯವರು, ತಮಗೇ ಅರಿವಾಗುವ ಮೊದಲು, “ಓ” ಅಂದರು.