ಹವಾಲ್ದಾರನ ಮೂರು ಪಟ್ಟಿ

ಕೊಟ್ಟೂರಿನ ಗುರುಸಂಗಪ್ಪ ಮಿಲಿಟ್ರಿಯಿಂದ ಹವಾಲ್ದಾರನಾಗಿ ರಿಟೈರಾಗಿ ಬಂದವನು. ಅದರಲ್ಲಿ ಒಂದಿಷ್ಟೂ ಸುಳ್ಳಿಲ್ಲ. ಆದರೆ ಅಲ್ಲಿ ಅವನು ಹಿಡಿದದ್ದು ಬಂದೂಕಿಗಿಂತ ಲಟ್ಟಣಿಗೆಯನ್ನೇ ಹೆಚ್ಚು. ಜವಾನರ ಅಡುಗೆಮನೆಯಲ್ಲಿ ಚಪಾತಿ ಬೇಯಿಸಿ ಬೇಯಿಸಿಯೇ ಮೇಲೇರಿದ್ದ. ಇದನ್ನು ಊರಿಗೆಲ್ಲ ಯಾಕೆ ಹೇಳಬೇಕು? ಯಾರಾದರೂ ಕೇಳಿದರೆ “ಬಾರ್ಡರ್‌ನ್ಯಾಗಿದ್ದೆ” ಅನ್ನುತ್ತಿದ್ದ. ಅಡುಗೆಮನೆಯೂ ಬಾರ್ಡರ್‌ನಲ್ಲೇ ಇತ್ತಲ್ಲ!

ಕಾರ್ಗಿಲ್ ಯುದ್ಧ ಮುಗಿದ ವರ್ಷವದು. ಮಿಲಿಟ್ರಿಯವನು ಅಂದರೆ ಸಾಕು, ಜನ ಕರೆದು ಕೂರಿಸಿ ಚಾ ಕುಡಿಸುತ್ತಿದ್ದರು. ಹಂಪಸಾಗರದ ಬೀಗ ಪಾಲಾಕ್ಷಪ್ಪ ಮಾತ್ರ, ಗಂಡಿನ ಕಡೆಯವನೆಂಬ ಸೊಕ್ಕಿಗೆ, ನಾಲ್ಕು ಜನರ ಮುಂದೆ “ಖರೇ ಹೇಳ್ರಿ ಬೀಗ್ರೆ, ಅಲ್ಲಿ ಗುಂಡು ಹಾರಿಸ್ತಿದ್ರೋ, ಚಪಾತಿ ಹಾರಿಸ್ತಿದ್ರೋ?” ಎಂದು ಹಲ್ಲು ಕಿಸಿಯುತ್ತಿದ್ದ. ಪುಣ್ಯಾತ್ಮನಿಗೆ ಏನೂ ಗೊತ್ತಿರಲಿಲ್ಲ, ಬರೀ ಚೇಷ್ಟೆ. ಗುರುಸಂಗಪ್ಪನ ಎದೆ ಮಾತ್ರ ಪ್ರತಿಸಲ ಧಸಕ್ಕೆನ್ನುತ್ತಿತ್ತು.

ಬಸುರಿ ಮಗಳ ಕುಬಸಕ್ಕೆ ಬೀಗರು ಬರುವವರಿದ್ದರು. ಈ ಸಲ ಪಾಲಾಕ್ಷಪ್ಪನ ಬಾಯಿ ಮುಚ್ಚಿಸಲೇಬೇಕು ಎಂದು ಗುರುಸಂಗಪ್ಪ ಪೇಟೆಯಿಂದ ಬೆರಳುದ್ದದ ಪ್ಲಾಸ್ಟಿಕ್ ಸಿಪಾಯಿಗಳನ್ನು ತಂದ. ಬಣ್ಣ ಬಳಿದು ಟಿವಿ ಪಕ್ಕದ ಶೋಕೇಸಿನಲ್ಲಿ ತನ್ನ ತುಕಡಿಯನ್ನೇ ನಿಲ್ಲಿಸಬೇಕು, ನಟ್ಟನಡುವೆ ತಾನಿರಬೇಕು!

ಅವನ ಕೈಯೋ, ಚಾದ ಕಪ್ಪು ಹಿಡಿದರೂ ನಡುಗುತ್ತಿತ್ತು. ಹಾಗಾಗಿ ಮಣ್ಣೆತ್ತಿನ ಅಮಾಸಿಗೆ ಎತ್ತುಗಳಿಗೆ ಕಣ್ಣು ಬರೆಯುವ ಮರುಳಸಿದ್ದಮ್ಮನ ಹತ್ತಿರ ಹೋದ.

“ನಡುವೆ ನಿಂತಾವ ನಾನು. ಅವಗ ಮೂರು ಪಟ್ಟಿ ಹಾಕವ್ವ. ಎದ್ದು ಕಾಣಬೇಕು ನೋಡು.”

“ಅದನ್ನೇನು ಹೇಳ್ತೀರಿ ಹವಾಲ್ದಾರ್ರೆ, ನನಗ ಗೊತ್ತಾಗಲ್ಲೇನು?” ಅಂದಳು ಆಕೆ.

ಕುಬಸದ ದಿನ ಗುರುಸಂಗಪ್ಪ ಕೋಳಿ ಕೂಗೋ ಹೊತ್ತಿಗೇ ಎದ್ದು, ಹಿತ್ತಲ ಬಾಗಿಲು ಹಾಕಿಕೊಂಡು ಏನೋ ಕೆಲಸ ಮುಗಿಸಿ, ಕೈ ತೊಳೆದು ಕಾಯುತ್ತ ಕೂತಿದ್ದ. ಮರುಳಸಿದ್ದಮ್ಮ ಸಿಪಾಯಿಗಳನ್ನು ಒಂದೊಂದು ಕಡ್ಡಿಪೆಟ್ಟಿಗೆಗೆ ಅಂಟಿಸಿಕೊಂಡು ತಂದಳು. ಆಹಾ, ಏನು ಕೈಚಳಕ! ಬೂಟು ಫಳಫಳ, ಬೆಲ್ಟಿಗೆ ಸಾಸಿವೆಯಷ್ಟು ಹಿತ್ತಾಳೆ, ಕುಂಚದ ಒಂದೇ ಕೂದಲಲ್ಲಿ ಎಳೆದ ಮೀಸೆ. ಗುರುಸಂಗಪ್ಪ ಕನ್ನಡಕ ಏರಿಸಿ ನಡುವಿನವನನ್ನು ನೋಡಿದ. ಹಣೆಯ ತುಂಬ ಮೂರು ಬೆರಳ ವಿಭೂತಿ!

“ಅಯ್ಯೋ ಶಿವನೆ, ಇದೇನವ್ವ?”

“ಮೂರು ಪಟ್ಟಿ ರೀ! ಹೆಲ್ಮೆಟ್ಟು ಅಡ್ಡ ಬಂತು. ಬ್ಲೇಡಿಲೆ ಕೆತ್ತಿ ಹಣಿಗೆ ಜಾಗ ಮಾಡೀನಿ.”

“ತೋಳಿಗವ್ವಾ, ತೋಳಿಗೆ! ಹವಾಲ್ದಾರಗ ತೋಳಿಗಿರತಾವ ಪಟ್ಟಿ!”

“ತೋಳಿಗೆ ಅಂತ ಹೇಳಿದ್ರೇನ್ರಿ?”

ಹೇಳಿರಲಿಲ್ಲ. ಅಷ್ಟರಲ್ಲಿ ಹೆಂಡತಿ ಕೊಟ್ರಮ್ಮ ಹೊರಗಿನಿಂದ “ಬೀಗ್ರು ಬಂದ್ರು” ಎಂದು ಕೂಗಿದಳು. ಗುರುಸಂಗಪ್ಪ ಮರುಳಸಿದ್ದಮ್ಮನ ಕುಂಚ ಕಿತ್ತುಕೊಂಡು, ಬಿಳಿ ಬಣ್ಣದಲ್ಲಿ ಅದ್ದಿ, ತೋಳಿಗೆ ತಾನೇ ಪಟ್ಟಿ ಎಳೆಯಲು ಹೋದ. ಹಾಳಾದ್ದು ಕೈ ನಡುಗಿತು. ಬಣ್ಣ ಮೊಣಕೈ ದಾಟಿ ಬೆರಳತನಕ ಇಳಿಯಿತು. ಒರೆಸಲು ಪುರುಸೊತ್ತಿಲ್ಲದೆ ಹಾಗೇ ಶೋಕೇಸಿಗೆ ಸೇರಿಸಿ ಬಾಗಿಲು ಹಾಕಿದ.

ಪಾಲಾಕ್ಷಪ್ಪ ಕಾಲಿಗೆ ನೀರು ಹಾಕಿಕೊಂಡವನೇ ನೇರ ಶೋಕೇಸಿನ ಗಾಜಿಗೆ ಮೂಗು ಹಚ್ಚಿದ.

“ಓಹೋ, ನಡುವೆ ನಿಂತೋರು ನಮ್ಮ ಬೀಗ್ರು! ನೀವು ದಿನಾ ಹಚ್ಚೋ ವಿಭೂತಿ ನೋಡಿದ್ಕೂಡ್ಲೆ ಗೊತ್ತಾತು. ಅಲ್ರೀ, ಕೈಗೇನಿದು?” ಇನ್ನೊಮ್ಮೆ ಬಗ್ಗಿ ನೋಡಿ ತೊಡೆ ತಟ್ಟಿಕೊಂಡ. “ಹಿಟ್ಟು! ನಾ ಹೇಳ್ತಿದ್ದಿಲ್ಲೇನು? ಚಪಾತಿ ಪಲ್ಟನ್ನು!”

ಮನೆ ತುಂಬ ನಗು. ಗುರುಸಂಗಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆರತಿ ತಟ್ಟೆ ಹಿಡಿದು ಬಂದ ಕೊಟ್ರಮ್ಮ ಅದನ್ನು ಠಣ್ಣೆಂದು ಕೆಳಗಿಟ್ಟಳು.

“ಹೌದ್ರೀ ಬೀಗ್ರೆ, ಹಿಟ್ಟಾ ಅದು.”

ಗುರುಸಂಗಪ್ಪ ಬೆಚ್ಚಿಬಿದ್ದ. ಇವಳಿಗೂ ಹೇಳಿರಲಿಲ್ಲವಲ್ಲ!

“ಮದುವ್ಯಾದ ಹೊಸದಾಗಾ ನನಗ ಗೊತ್ತಾತು. ಯಾವ ಗಂಡಸು ಹಿಟ್ಟು ಮುಟ್ಟಿ ನೋಡಿ ‘ಇನ್ನೊಂದೀಟು ನಾದು’ ಅಂತಾನ? ಬಂದೂಕು ಹಿಡಿದೋರು ಏನು ಗಾಳಿ ಕುಡಕಂಡು ಇರ್ತಾರೇನ್ರಿ? ಆ ಹಿಮದಾಗ ಅವರಿಗೆ ಬಿಸಿ ಚಪಾತಿ ಬೇಯಿಸಿ ಹಾಕಿದ ಕೈ ಅದು. ಇವತ್ತು ನಿಮ್ಮ ಎಲಿಗೆ ಬೀಳೋ ಚಪಾತಿನೂ ನಸುಕಿನ್ಯಾಗ ಎದ್ದು ಅವರಾ ಲಟ್ಟಿಸ್ಯಾರ. ಬ್ಯಾಡಾದ್ರ ಬಿಡ್ರಿ, ನಿಮಗ ಒಣಗಿದ ಕಟಕ ರೊಟ್ಟಿ ಐತಿ.”

ನಗು ನಿಂತಿತು. ಪಾಲಾಕ್ಷಪ್ಪ ತೆಪ್ಪಗೆ ಎಲೆ ಮುಂದೆ ಕೂತ. ಒಂದು ಚಪಾತಿ ತಿಂದ. ಇನ್ನೊಂದು ತಿಂದ. ಆಮೇಲೆ ತಲೆ ಎತ್ತದೆ ಮೆಲ್ಲಗೆ, “ಬೀಗ್ರೆ, ಇನ್ನೊಂದು ಐತೇನ್ರಿ? ಬಾಯಾಗಿಟ್ರ ಕರಗತಾವು” ಅಂದ. ಗುರುಸಂಗಪ್ಪ ತಾನೇ ಬುಟ್ಟಿ ಹಿಡಿದು ಬಡಿಸಲು ನಿಂತ. ವಿಚಿತ್ರವೆಂದರೆ, ಆಗ ಕೈ ಒಂದಿಷ್ಟೂ ನಡುಗಲಿಲ್ಲ.

ಮರುದಿನ ಆ ಸಿಪಾಯಿಯನ್ನು ಜೇಬಿನಲ್ಲಿ ಹಾಕಿಕೊಂಡು ಮತ್ತೆ ಮರುಳಸಿದ್ದಮ್ಮನ ಮನೆಗೆ ಹೋದ.

“ಈ ಬಂದೂಕು ಕೆತ್ತಿ ಲಟ್ಟಣಿಗಿ ಮಾಡವ್ವ. ಹಣಿಮ್ಯಾಗಿಂದು ಇರಲಿ. ತೋಳಿಗೂ ಮೂರು ಪಟ್ಟಿ ಹಾಕು.”

“ಗೊತ್ತಾತು ಬಿಡ್ರಿ. ಪೂಜಿಗೆ ಕುಂತೋರು ತೋಳಿಗೂ ವಿಭೂತಿ ಹಚ್ಚಿಗೆಂತಾರ,” ಅಂದಳು ಮರುಳಸಿದ್ದಮ್ಮ. “ಎದಿಗೂ ಹಚ್ಚಲೇನ್ರಿ?”

ಗುರುಸಂಗಪ್ಪ ಸಿಪಾಯಿಯ ಎದೆಯ ಮೇಲೆ ಬೆರಳಿಟ್ಟು ತೋರಿಸಿದ.

“ಎದಿಗೆ ವಿಭೂತಿ ಬ್ಯಾಡವ್ವ,” ಅಂದ. “ಅಲ್ಲಿ ಹಿಟ್ಟು ಹಚ್ಚು. ಎದ್ದು ಕಾಣಬೇಕು ನೋಡು.”