ಲಾನಿನ ಸೊಪ್ಪು

"ಈ ಹುಲ್ಲನ್ನ ಯಾರ್ ತಿಂತಾರೆ?"

ಕದಿರಮ್ಮ ಕೇಳಿದ್ದು ಯಾರನ್ನೂ ಅಲ್ಲ. ಊರಿಗಾಂನ ಹಳೆ ಗಣಿ ಕಂಪನಿ ಬಂಗಲೆಯ ಲಾನಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದಳು. ಶಿವರಾತ್ರಿ ಕಳೆದಿತ್ತು. ಸುತ್ತಲ ಹೊಲ, ಬದು, ನೀರಿನ ಕುಂಟೆ ಎಲ್ಲ ಒಣಗಿ ಬಿರಿದಿದ್ದವು. ಟ್ಯಾಂಕರ್ ನೀರು ಕುಡಿದು ಹಸಿರಾಗಿದ್ದದ್ದು ಇದೊಂದೇ. ಇದನ್ನು ಹಸು ಮೇಯುವಂತಿಲ್ಲ, ಎಮ್ಮೆ ಮೂಸುವಂತಿಲ್ಲ.

ಹುಲ್ಲಿನ ನಡುವೆ ಅಣ್ಣೆ ಸೊಪ್ಪು, ಹೊನಗೊನೆ ಸೊಪ್ಪು ಹುಟ್ಟಿದ್ದವು. ಬಂಗಲೆಯವರಿಗೆ ಅದು ಕಳೆ. ಕಿತ್ತ ಕಳೆ ಕಿತ್ತವಳ ಮಡಿಲಿಗೆ, ಅದು ಹೊಲದ ಹಳೆಯ ಪದ್ಧತಿ. ಮೊದಲ ಕುಡಿಯನ್ನು ಕಣ್ಣಿಗೊತ್ತಿಕೊಂಡು, "ಬೂಮ್ತಾಯಿ, ನೀನ್ ಕೊಟ್ಟಿದ್ದು" ಎಂದು ಮಡಿಲಿಗೆ ಹಾಕಿಕೊಂಡಳು.

ಮ್ಯಾನೇಜರ್ ಸುಧಾಕರ್ ನೆರಳಲ್ಲಿ ನಿಂತಿದ್ದ. "ಏನಮ್ಮ, ನಮ್ಮ ಲಾನು ನಿನ್ನ ತರಕಾರಿ ಅಂಗಡಿನಾ?"

"ಸೊಸೆಗೆ ಆರು ತಿಂಗ್ಳು ಸಾಮಿ. ಮಸೊಪ್ಪು ಬೇಕಂತೆ. ನೀವೂ ಬನ್ನಿ, ಒಂದ್ ಮುದ್ದೆ ಆಕ್ತೀನಿ."

"ನಿನ್ನ ಮುದ್ದೆ ನುಂಗಿದ್ರೆ ನನ್ನನ್ನ ಎತ್ತೋಕೆ ನಾಲ್ಕು ಜನ ಬೇಕು."

ಇಬ್ಬರೂ ನಕ್ಕರು. ದಿನವೂ ಲಾನಿನಲ್ಲಿ ಉರುಳಾಡುವ ಬಂಗಲೆಯ ಸಾಹೇಬರ ನಾಯಿ ಅಂದು ವರಾಂಡದ ಕಂಬಕ್ಕೆ ಕಟ್ಟಿಸಿಕೊಂಡು ಕುಂಯ್‌ಗುಡುತ್ತಿತ್ತು.

"ಅದನ್ಯಾಕ್ ಕಟ್ಟಾಕಿದ್ದೀರಿ?"

"ಇವತ್ತು ಬಿಡಬಾರದು ಅಂದಿದ್ದಾರೆ ಸಾಹೇಬ್ರು" ಎಂದು ಅವನು ಒಳಗೆ ಹೋದ.

ಸೊಪ್ಪು ಬೆಂದ ಮೇಲೆ ಹಿಡಿಯಷ್ಟೇ ಆಯಿತು. ಅಷ್ಟನ್ನೂ ಸೊಸೆ ಪುಷ್ಪಳ ತಟ್ಟೆಗೆ ಬಡಿಸಿ, ಕದಿರಮ್ಮ ಉಪ್ಪು, ಮೆಣಸಿನಕಾಯಿಯಲ್ಲಿ ಮುದ್ದೆ ನುಂಗಿದಳು. ಸಂಜೆ ಹೊತ್ತಿಗೆ ಪುಷ್ಪಳ ಬಾಯಿ ಉರಿಯಿತು. ದೀಪ ಹಚ್ಚುವಾಗ ವಾಂತಿ ಶುರುವಾಯಿತು.

ಮರುದಿನ ಆಸ್ಪತ್ರೆಯಲ್ಲಿ ಮಗು ಹೋಯಿತು. "ಕಳೆ ಸಾಯಿಸೋ ಔಷಧಿ" ಎಂದರು ಡಾಕ್ಟರು. "ಇದಕ್ಕೆ ಮದ್ದಿಲ್ಲಮ್ಮ. ಬೆಂಗಳೂರಿಗೆ ಸಾಗಿಸಿ ನೋಡಿ. ಪೊಲೀಸ್ರು ಬರ್ತಾರೆ, ಸೊಪ್ಪು ಎಲ್ಲಿದು ಅಂತ ಹೇಳ್ಬೇಕಾಗುತ್ತೆ." ಮಗ ವೇಣು ಗಾಡಿಗಾಗಿ ಊರೆಲ್ಲ ಅಲೆಯುತ್ತಿದ್ದ.

ಪುಷ್ಪ ಉಸಿರು ಎಳೆದುಕೊಳ್ಳುತ್ತಲೇ ಕೇಳಿದಳು. "ಅತ್ತೆ, ನೀವು ತಿಂದಿಲ್ಲ ತಾನೆ?"

"ಇಲ್ಲ ತಾಯಿ."

"ಒಳ್ಳೇದಾಯ್ತು."

ಕದಿರಮ್ಮ ಗೋಡೆಯ ಕಡೆ ತಿರುಗಿಕೊಂಡಳು.

ಸುಧಾಕರ್ ಸೇಬಿನ ಚೀಲ ಹಿಡಿದು ಬಂದ. ಮಂಚದ ಕಡೆ ನೋಡಲಿಲ್ಲ. "ನೀನು ಬರೋ ಹಿಂದಿನ ಸಂಜೆ ಲಾನಿಗೆ ಔಷಧಿ ಹೊಡೆಸಿದ್ವಿ. ಅದಕ್ಕೂ ಸಾಯದ ಬೇರು ಕೀಳಿಸೋಕೆ ನಿನ್ನ ಕರೆಸಿದ್ದು. ಹೇಳೋದು ಮರೆತೆ ಕಣಮ್ಮ."

"ನಾಯಿನ ಕಟ್ಟೋದು ಮರೀಲಿಲ್ಲ."

ಅವನು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಬೇತಮಂಗಲದ ಕೆರೆ ಅಂಚಲ್ಲಿ ಕಿತ್ತೆ ಅಂದುಬಿಡು. ಯಾರೋ ರೈತರು ಹೊಡೆದಿದ್ದರು ಅಂತ ಆಗುತ್ತೆ. ಸಾಹೇಬ್ರ ಕಾರು ಕೆಳಗೇ ನಿಂತಿದೆ. ಈಗಲೇ ಬೆಂಗಳೂರಿಗೆ ಕರ್ಕೊಂಡು ಹೋಗೋಣ."

ಕದಿರಮ್ಮ ಪುಷ್ಪಳ ಎದೆ ಏರಿಳಿಯುವುದನ್ನು ನೋಡಿದಳು. ಕಾರು ಹೋದರೂ ಆ ಉಸಿರು ನಿಲ್ಲುತ್ತದೆ, ಹೋಗದಿದ್ದರೂ ನಿಲ್ಲುತ್ತದೆ ಎಂದು ಡಾಕ್ಟರ ಮುಖ ಆಗಲೇ ಹೇಳಿತ್ತು. ಸೊಸೆಯ ಕಣ್ಣು ತನ್ನ ಮೇಲೇ ಇತ್ತು. ಪುಷ್ಪ ತಲೆಯನ್ನು ಮೆಲ್ಲಗೆ ಅಡ್ಡಡ್ಡ ಆಡಿಸಿದಳು.

ಹೊರಗೆ ಪೊಲೀಸರ ಬೂಟಿನ ಸದ್ದಾಯಿತು.

"ಬೇಗ ಹೇಳಮ್ಮ. ಕೆರೆ ಅಂದ್ರೆ ಸಾಕು."

"ಆ ಕೆರೆ ನೀರ್ ಕುಡ್ದು ಈ ಊರು ಬದುಕೈತೆ. ಆ ತಾಯಿ ಮ್ಯಾಲೆ ನಿಮ್ಮ ಇಸ ಒರ್ಸಾಕಿಲ್ಲ. ನಾನ್ ಯೇಳಲ್ಲ."